ಗೌಡ ಎಂಬ ಹೆಸರು, ಕೆಂಪೇಗೌಡರ ಬದುಕು

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಗೆ ಹೋಗಿ, ಗೌಡರ ಮನೆ ಯಾವುದು ಎಂದು ಕೇಳಿನೋಡಿ. ಯಾವ ಗೌಡರು ಎಂಬ ಮರುಪ್ರಶ್ನೆ ನಿಮಗೆ ಎದುರಾಗುತ್ತದೆ. ಇಲ್ಲಿಂದ ಮಧುಗಿರಿಯ ಕಡೆಗೆ ಹೋದರೂ, ತುಮಕೂರಿನ ಕಡೆಗೆ ಬಂದರೂ ಇದೇ ಮಾತು. ಶಾಲೆಯ ಹಾಜರಿ ಪುಸ್ತಕದಲ್ಲಿ, ಪಡಿತರ ಚೀಟಿಯಲ್ಲಿ, ಲಗ್ನಪತ್ರಿಕೆಯಲ್ಲಿ, ಅಂಗಡಿಯ ಬೋರ್ಡಿನಲ್ಲಿ ಈ ಎರಡಕ್ಷರ ಕಾಣದ ಊರು ನಮ್ಮ ಸೀಮೆಯಲ್ಲಿ ಸಿಗುವುದು ಕಷ್ಟ. ದಿನವೂ ಬಾಯಿಗೆ ಬರುವ ಈ ಹೆಸರಿನ ಅರ್ಥವೇನು, ಅದು ಎಲ್ಲಿಂದ ಬಂತು, ಎಲ್ಲೆಲ್ಲಿಗೆ ಹೋಯಿತು ಎಂದು ಯೋಚಿಸಿದ್ದೀರಾ?

ಈ ಹೆಸರನ್ನು ಹೊತ್ತವರಲ್ಲಿ ಎಲ್ಲರಿಗಿಂತ ಪ್ರಸಿದ್ಧರು ಬೆಂಗಳೂರನ್ನು ಕಟ್ಟಿದ ನಾಡಪ್ರಭು ಕೆಂಪೇಗೌಡರು. ಅವರು ತೀರಿಕೊಂಡು ನಾಲ್ಕೂವರೆ ಶತಮಾನ ಕಳೆದಿದೆ. ಐತಿಹ್ಯದ ಪ್ರಕಾರ ಅವರ ಮನೆತನಕ್ಕೂ ಹೊಳವನಹಳ್ಳಿಯ ಪಾಳೆಯಗಾರರ ಮನೆತನಕ್ಕೂ ಬೇರು ಒಂದೇ. ಆದ್ದರಿಂದ ಅವರ ಬದುಕಿನ ಜೊತೆಯಲ್ಲಿಯೇ ಈ ಹೆಸರಿನ ಕಥೆಯನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ಅದು ಕೆಲಸದ ಹೆಸರು

ಗೌಡ ಎಂಬುದು ಮೊದಲಿಗೆ ಮನೆತನದ ಹೆಸರಾಗಿರಲಿಲ್ಲ, ಜಾತಿಯ ಹೆಸರೂ ಆಗಿರಲಿಲ್ಲ. ಅದೊಂದು ಹೊಣೆಗಾರಿಕೆಯ ಹೆಸರು. ಗಂಗರು ಮತ್ತು ರಾಷ್ಟ್ರಕೂಟರ ಕಾಲದ ಶಾಸನಗಳನ್ನು ನೋಡಿದರೆ ಗಾಮುಂಡ, ಗಾವುಂಡ, ಗವುಡ ಎಂಬ ರೂಪಗಳು ಕಾಣುತ್ತವೆ. ಇದೇ ಮಾತು ಬಾಯಿಂದ ಬಾಯಿಗೆ ಸವೆದು ಗೌಡ ಎಂದಾಯಿತು. ಗ್ರಾಮ ಎಂಬ ಪದದ ಜೊತೆ ಇದಕ್ಕೆ ಸಂಬಂಧವಿದೆ ಎಂದು ವಿದ್ವಾಂಸರಲ್ಲಿ ಅನೇಕರು ಹೇಳುತ್ತಾರೆ. ಊರಿಗೆ ಊರ್ಗಾವುಂಡ, ನಾಡಿಗೆ ನಾಳ್ಗಾವುಂಡ, ಪ್ರಬಲರಾದವರಿಗೆ ಪ್ರಭುಗಾವುಂಡ ಎಂಬ ಅಂತಸ್ತುಗಳಿದ್ದವು.

ಗಾವುಂಡನ ಕೆಲಸವೇನು? ಕಂದಾಯ ಎತ್ತುವುದು, ವ್ಯಾಜ್ಯ ತೀರಿಸುವುದು, ಕೆರೆಕಟ್ಟೆಗಳನ್ನು ನೋಡಿಕೊಳ್ಳುವುದು, ದಾನದತ್ತಿಗಳಿಗೆ ಸಾಕ್ಷಿಯಾಗಿ ನಿಲ್ಲುವುದು. ಇವೆಲ್ಲಕ್ಕಿಂತ ಕಠಿಣವಾದದ್ದು ಇನ್ನೊಂದಿತ್ತು. ಶತ್ರುಗಳು ಬಂದು ಊರಿನ ದನಗಳನ್ನು ಹೊಡೆದುಕೊಂಡು ಹೋದರೆ, ಅವನ್ನು ಬಿಡಿಸಿ ತರಲು ಮುಂದೆ ನಿಲ್ಲಬೇಕಾದವನು ಅವನೇ. ನಮ್ಮ ಹಳ್ಳಿಗಳ ಹೊಲದ ಬದುವಿನಲ್ಲಿ, ಗುಡಿಯ ಹಿಂದೆ ಅರ್ಧ ಹೂತುಹೋಗಿ ನಿಂತಿರುವ ವೀರಗಲ್ಲುಗಳನ್ನು ನೀವು ಕಂಡಿರಬೇಕು. ಅವುಗಳಲ್ಲಿ ಹಲವು ತುರುಗಳನ್ನು ಉಳಿಸಲು ಹೋಗಿ ಸತ್ತವರ ನೆನಪಿಗೆ ನಿಲ್ಲಿಸಿದವು. ಸತ್ತವರಲ್ಲಿ ಗಾವುಂಡರೂ ಇದ್ದಾರೆ. ಕುರಿಗಳಿಗಾಗಿ ಪ್ರಾಣ ಕೊಡುವ ಒಳ್ಳೆಯ ಕುರುಬನ ಸಾಮತಿಯನ್ನು ಕೇಳಿ ಬೆಳೆದ ನಮಗೆ ಈ ಕಲ್ಲುಗಳ ಮಾತು ಬೇಗ ಅರ್ಥವಾಗುತ್ತದೆ.

ಈ ಹೊಣೆ ಗಂಡಸರಿಗೆ ಮಾತ್ರ ಮೀಸಲಾಗಿತ್ತೆಂದೂ ತಿಳಿಯಬೇಡಿ. ಹತ್ತನೆಯ ಶತಮಾನದ ಆರಂಭದಲ್ಲಿ, ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಕಡೆ ಇದ್ದ ನಾಗರಖಂಡದ ನಾಳ್ಗಾವುಂಡನು ತೀರಿಕೊಂಡಾಗ ರಾಷ್ಟ್ರಕೂಟ ಅರಸನು ಆ ಪದವಿಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟನು. ಆಕೆ ನಾಡನ್ನು ಸಮರ್ಥವಾಗಿ ಆಳಿದಳೆಂದೂ, ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಜೈನ ವಿಧಿಯಂತೆ ಬಂದಳಿಕೆಯಲ್ಲಿ ದೇಹ ಬಿಟ್ಟಳೆಂದೂ ಶಾಸನ ತಿಳಿಸುತ್ತದೆ. ಸಾವಿರದ ನೂರು ವರ್ಷಗಳ ಹಿಂದೆ ಒಬ್ಬ ಹೆಂಗಸು ನಾಡಿಗೆ ಗೌಡಳಾಗಿದ್ದಳು. ಈ ಮಾತನ್ನು ನಿಮ್ಮ ಹೆಣ್ಣುಮಕ್ಕಳಿಗೆ ತಪ್ಪದೆ ಹೇಳಿರಿ.

ಬಂಡಿ ಕಟ್ಟಿಕೊಂಡು ಬಂದವರು

ಈಗ ಕೆಂಪೇಗೌಡರ ಮನೆತನಕ್ಕೆ ಬರೋಣ. ಅವರ ಪೂರ್ವಿಕರ ಬಗ್ಗೆ ಜನ ಹೇಳಿಕೊಂಡು ಬಂದ ಕಥೆ ಹೀಗಿದೆ. ಕಂಚಿಯ ಸೀಮೆಯಲ್ಲಿ ಮೊರಸು ಒಕ್ಕಲಿನ ಒಂದು ಕುಟುಂಬವಿತ್ತು. ಅಲ್ಲಿನ ಪಾಳೆಯಗಾರನು ಆ ಮನೆಯ ಹುಡುಗಿಯನ್ನು ಬಲವಂತದಿಂದ ಮದುವೆಗೆ ಕೇಳಿದನು. ಇಲ್ಲವೆಂದರೆ ಉಳಿಗಾಲವಿಲ್ಲ, ಹೂಂ ಎಂದರೆ ಮಾನವಿಲ್ಲ. ಅಣ್ಣತಮ್ಮಂದಿರು ಏಳು ಜನ ರಾತ್ರೋರಾತ್ರಿ ಬಂಡಿಗಳನ್ನು ಹೂಡಿ, ಹೆಂಡಿರುಮಕ್ಕಳನ್ನು ಕೂರಿಸಿಕೊಂಡು, ಪಾಲಾರ್ ನದಿಯನ್ನು ದಾಟಿ ಪಡುವಣಕ್ಕೆ ಬಂದರು. ಅವರ ಹಿರಿಯನ ಹೆಸರು ರಣಭೈರೇಗೌಡ. ನಂದಿಬೆಟ್ಟದ ಪೂರ್ವದಲ್ಲಿರುವ ಆವತಿಯಲ್ಲಿ ಅವರು ಬೀಡುಬಿಟ್ಟರು. ಬಂಡಿಯಲ್ಲಿ ಬಂದ ಇವರಿಗೆ ಬಂಡಿ ಒಕ್ಕಲು ಎಂಬ ಹೆಸರೂ ನಿಂತಿತು.

ಆವತಿಯಿಂದ ಈ ವಂಶದವರು ಕವಲೊಡೆದರು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕ, ನಮ್ಮ ಹೊಳವನಹಳ್ಳಿ ಹೀಗೆ ಒಂದೊಂದು ಕಡೆ ಒಂದೊಂದು ಮನೆತನ ನೆಲೆಯೂರಿತು ಎನ್ನುತ್ತದೆ ಐತಿಹ್ಯ. ಕಾಡು ಕಡಿದರು, ಕೆರೆ ಕಟ್ಟಿಸಿದರು, ಮಣ್ಣಿನ ಕೋಟೆ ಎಬ್ಬಿಸಿದರು. ಹಳ್ಳಿಯ ಗೌಡರಾಗಿದ್ದವರು ವಿಜಯನಗರದ ಅರಸರ ಕೆಳಗೆ ಪಾಳೆಯಗಾರರಾದರು. ಸಿರಾ, ಪಾವಗಡ, ನಿಡುಗಲ್ಲು, ಹಾಗಲವಾಡಿ ಕಡೆಯ ಪಾಳೆಯಗಾರರು ನಾಯಕರೆಂದು ಕರೆಸಿಕೊಂಡರು. ಅದು ದಂಡಿನಿಂದ ಬಂದ ಪದವಿ. ಹೊಳವನಹಳ್ಳಿ, ಮಧುಗಿರಿ, ಯಲಹಂಕದವರಾದರೋ ಕೈಗೆ ಕತ್ತಿ ಬಂದ ಮೇಲೂ ಊರಿನಿಂದ ಬಂದ ಗೌಡ ಎಂಬ ಹೆಸರನ್ನೇ ಉಳಿಸಿಕೊಂಡರು.

ಒಂದು ಮಾತನ್ನು ಗಮನಿಸಿ. ಇಷ್ಟು ದೊಡ್ಡ ಮನೆತನಗಳ ಮೂಲಕಥೆಯಲ್ಲಿ ಯುದ್ಧ ಗೆದ್ದ ಸಂಗತಿಯಿಲ್ಲ. ಮನೆಯ ಒಬ್ಬ ಹುಡುಗಿಯ ಮಾನಕ್ಕಾಗಿ ಹೊಲ ಮನೆ ಎಲ್ಲವನ್ನೂ ಬಿಟ್ಟು ಹೊರಟ ಸಂಗತಿಯಿದೆ.

ನೇಗಿಲಿನಿಂದ ಎಳೆದ ಊರು

ಕೆಂಪೇಗೌಡರು 1510ರಲ್ಲಿ ಯಲಹಂಕದಲ್ಲಿ ಹುಟ್ಟಿದರೆಂದು ಹೇಳುತ್ತಾರೆ. ತಂದೆ ಕೆಂಪನಂಜೇಗೌಡರು ಯಲಹಂಕ ನಾಡಿನ ಪ್ರಭುಗಳು. ಮಗನು ಬೆಳೆದದ್ದು ವಿಜಯನಗರದ ವೈಭವದ ಕಾಲದಲ್ಲಿ. ಹಂಪೆಯ ಅಗಲವಾದ ಬೀದಿಗಳು, ಸಾಲು ಅಂಗಡಿಗಳು, ನೀರಿನ ಕಾಲುವೆಗಳು ಅವರ ಕಣ್ಣಿನಲ್ಲಿ ಉಳಿದಿರಬೇಕು. ತಮ್ಮ ನಾಡಿನಲ್ಲಿಯೂ ಅಂಥದೊಂದು ಪಟ್ಟಣ ಆಗಬೇಕೆಂಬ ಆಸೆ ಅವರಿಗೆ ಹುಟ್ಟಿತು. ಅಚ್ಯುತರಾಯನ ಅಪ್ಪಣೆ ಪಡೆದು 1537ರಲ್ಲಿ ಅವರು ಬೆಂಗಳೂರಿನ ಕೋಟೆಪೇಟೆಗಳಿಗೆ ಅಡಿಪಾಯ ಹಾಕಿದರು.

ಬೆಂಗಳೂರು ಎಂಬ ಹೆಸರು ಅವರಿಗಿಂತ ಹಳೆಯದು. ಬೇಗೂರಿನಲ್ಲಿರುವ ಸುಮಾರು 890ರ ಗಂಗರ ಕಾಲದ ವೀರಗಲ್ಲಿನಲ್ಲಿಯೇ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಚಿಕ್ಕ ಊರೊಂದರ ಹೆಸರನ್ನು ಕೆಂಪೇಗೌಡರು ದೊಡ್ಡ ಪಟ್ಟಣಕ್ಕೆ ಕೊಟ್ಟರು ಎನ್ನಬಹುದು.

ಆ ಪಟ್ಟಣ ಆರಂಭವಾದ ಬಗೆಯನ್ನು ಜನ ಇಂದಿಗೂ ಸಂತೋಷದಿಂದ ಹೇಳುತ್ತಾರೆ. ಇಂದಿನ ಚಿಕ್ಕಪೇಟೆ ದೊಡ್ಡಪೇಟೆಗಳು ಕೂಡುವ ಜಾಗದಲ್ಲಿ ಎತ್ತುಗಳಿಗೆ ನೊಗ ಕಟ್ಟಿ ನಾಲ್ಕು ನೇಗಿಲುಗಳನ್ನು ಹೂಡಿದರು. ಒಳ್ಳೆಯ ಮುಹೂರ್ತದಲ್ಲಿ ಆ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಹೊಡೆದರು. ನೇಗಿಲ ಸಾಲುಗಳೇ ಬೀದಿಗಳಾದವು, ಸಾಲುಗಳು ನಿಂತಲ್ಲಿ ಕೋಟೆಯ ಬಾಗಿಲುಗಳು ಎದ್ದವು. ಒಕ್ಕಲುತನದವನು ಊರು ಕಟ್ಟುವಾಗ ತನ್ನ ಕೈಗೆ ಒಗ್ಗಿದ ಉಪಕರಣವನ್ನೇ ಹಿಡಿದನು ಎಂಬುದು ಈ ಕಥೆಯ ಸೊಗಸು.

ಬೀದಿಗಳಿಗೆ ಅವರು ಜನರನ್ನು ಕರೆತಂದರು. ಅಕ್ಕಿಯವರಿಗೆ ಅಕ್ಕಿಪೇಟೆ, ಹತ್ತಿಯವರಿಗೆ ಅರಳೆಪೇಟೆ, ಬಳೆಯವರಿಗೆ ಬಳೇಪೇಟೆ, ಕುಂಬಾರರಿಗೆ ಕುಂಬಾರಪೇಟೆ, ಗಾಣಿಗರಿಗೆ ಗಾಣಿಗರಪೇಟೆ ಎಂದು ಕಸುಬಿಗೊಂದು ಪೇಟೆ ಏರ್ಪಟ್ಟಿತು. ನದಿಯಿಲ್ಲದ ಊರಿಗೆ ನೀರಿನ ಚಿಂತೆ ದೊಡ್ಡದು. ಅದಕ್ಕಾಗಿ ಧರ್ಮಾಂಬುಧಿ, ಕೆಂಪಾಂಬುಧಿ ಮೊದಲಾದ ಕೆರೆಗಳಾದವು. ಇಂದು ನೀವು ತುಮಕೂರಿನಿಂದ ಬಸ್ಸು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತೀರಲ್ಲ, ಆ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಅವರು ಕಟ್ಟಿಸಿದ ಕೆರೆಯನ್ನು ಮುಚ್ಚಿ, ಅದರ ಮೇಲೆ ಅವರದೇ ಹೆಸರು ಬರೆದಿದ್ದೇವೆ. ಹೆಸರು ಉಳಿಸಿ ಕೆಲಸ ಮರೆಯುವುದು ಎಂದರೆ ಇದೇ.

ಅಚ್ಯುತರಾಯನು ಮೆಚ್ಚಿ ಹಲಸೂರು, ಬೇಗೂರು, ವರ್ತೂರು, ಜಿಗಣಿ, ತಲಘಟ್ಟಪುರ, ಕುಂಬಳಗೋಡು, ಬಾಣಾವರ, ಹೆಸರಘಟ್ಟ ಮೊದಲಾದ ಊರುಗಳನ್ನು ಬಿಟ್ಟುಕೊಟ್ಟನು. ಅವುಗಳ ವರ್ಷದ ಹುಟ್ಟುವಳಿ 30,000 ವರಹ ಎಂದು ಹೇಳುತ್ತಾರೆ.

ಸೆರೆಯ ವರ್ಷಗಳು

ಏರಿದವರಿಗೆ ಇಳಿಯುವ ದಿನವೂ ಬರುತ್ತದೆ. ಕೆಂಪೇಗೌಡರು ಅರಸನ ಅಪ್ಪಣೆಯಿಲ್ಲದೆ ತಮ್ಮ ಕುಲದೈವ ಭೈರವನ ಹೆಸರಿನಲ್ಲಿ ನಾಣ್ಯ ಹೊಡೆಸಿದರು. ನಾಣ್ಯ ಹೊಡೆಸುವುದು ಸಾರ್ವಭೌಮನ ಹಕ್ಕು. ನೆರೆಯ ಪಾಳೆಯಗಾರರ ಚಾಡಿಯೂ ಸೇರಿತು. ಅವರನ್ನು ಹಿಡಿದು ಆನೆಗೊಂದಿಯ ಸೆರೆಮನೆಯಲ್ಲಿಟ್ಟರು, ಅವರ ಸೀಮೆಯನ್ನು ಕಿತ್ತುಕೊಂಡರು. ಐದು ವರ್ಷ ಅವರು ಸೆರೆಯಲ್ಲಿದ್ದರೆಂದು ಐತಿಹ್ಯ ಹೇಳುತ್ತದೆ. ಕೊನೆಗೆ ದಂಡ ತೆತ್ತು ಬಿಡುಗಡೆ ಪಡೆದರು, ಸೀಮೆಯೂ ಮರಳಿ ಬಂತು.

ಸೆರೆಯಿಂದ ಬಂದ ಮೇಲೆ ಸೇಡಿಗೆ ಹೊರಡಲಿಲ್ಲ. ಮತ್ತೆ ಕಟ್ಟುವ ಕೆಲಸಕ್ಕೇ ಕೈಹಾಕಿದರು. ಗವಿಗಂಗಾಧರೇಶ್ವರ ಗುಡಿಯನ್ನು ಈ ಬಿಡುಗಡೆಯ ಕೃತಜ್ಞತೆಗಾಗಿ ಕಟ್ಟಿಸಿದರೆಂದು ಜನ ನಂಬುತ್ತಾರೆ. 1565ರಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರ ಸೋತು ಹಂಪೆ ಹಾಳಾಯಿತು. ಹಂಪೆಯನ್ನು ನೋಡಿ ಕಟ್ಟಿದ ಊರು ಮಾತ್ರ ಉಳಿಯಿತು. 1569ರಲ್ಲಿ ಕೆಂಪೇಗೌಡರು ಕಾಲವಾದರು. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರುವ ಒಂದು ಸಮಾಧಿಯನ್ನು 2015ರಲ್ಲಿ ಸಂಶೋಧಕರು ಅವರದೆಂದು ಗುರುತಿಸಿದ್ದಾರೆ.

ಹೆಣ್ಣುಮಕ್ಕಳು ತೆತ್ತ ಬೆಲೆ

ಇಲ್ಲಿಗೆ ನಿಲ್ಲಿಸಿದರೆ ಕಥೆ ಅರ್ಧವೇ ಆಗುತ್ತದೆ. ಕೆಂಪೇಗೌಡರ ಹೆಸರಿನ ಜೊತೆ ಇನ್ನೊಂದು ಹೆಸರು ಸೇರಿಕೊಂಡಿದೆ. ಅದು ಅವರ ಸೊಸೆ ಲಕ್ಷ್ಮಮ್ಮನದು. ಕೋಟೆಯ ದಕ್ಷಿಣದ ಬಾಗಿಲು ಎಷ್ಟು ಸಲ ಎಬ್ಬಿಸಿದರೂ ಬೀಳುತ್ತಿತ್ತಂತೆ, ನರಬಲಿ ಬೇಕೆಂದು ಯಾರೋ ಹೇಳಿದರಂತೆ. ಮಾವನಿಗೆ ಅದು ಒಪ್ಪಿಗೆಯಾಗಲಿಲ್ಲ. ತುಂಬು ಬಸುರಿಯಾಗಿದ್ದ ಲಕ್ಷ್ಮಮ್ಮ ರಾತ್ರಿ ಯಾರಿಗೂ ತಿಳಿಯದಂತೆ ಹೋಗಿ ಬಾಗಿಲ ಬಳಿ ತನ್ನನ್ನೇ ಬಲಿಕೊಟ್ಟುಕೊಂಡಳು ಎಂಬುದು ಕಥೆ. ಕೋರಮಂಗಲದಲ್ಲಿ ಆಕೆಯ ಗುಡಿಯಿದೆ. ಇದು ಐತಿಹ್ಯವೇ ಆದರೂ ಓದಿ ಸುಮ್ಮನೆ ತಲೆದೂಗುವಂಥದಲ್ಲ. ಯಾವ ದೇವರಿಗೂ ಅಂಥ ಬಲಿ ಬೇಡ. ಮನೆಯ ಹೆಸರು ಉಳಿಯಬೇಕೆಂದು ಹೆಣ್ಣುಮಗಳೊಬ್ಬಳು ತನ್ನನ್ನು ಇಲ್ಲವಾಗಿಸಿಕೊಳ್ಳುವುದು ನಮ್ಮ ಮನೆಗಳಲ್ಲಿ ಇಂದಿಗೂ ಬೇರೆ ಬೇರೆ ರೂಪದಲ್ಲಿ ನಡೆಯುತ್ತಿಲ್ಲವೇ, ನೀವೇ ಹೇಳಿ.

ಕೆಂಪೇಗೌಡರು ಮಾಡಿದ ಇನ್ನೊಂದು ಕೆಲಸವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಅವರ ಮೊರಸು ಒಕ್ಕಲಿನಲ್ಲಿ ಬಂಡಿದೇವರ ಆಚರಣೆಯ ಹೆಸರಿನಲ್ಲಿ ಹೆಂಗಸರ ಎರಡು ಬೆರಳುಗಳನ್ನು ಕತ್ತರಿಸುವ ಕ್ರೂರ ಪದ್ಧತಿಯಿತ್ತು. ತಮ್ಮದೇ ಕುಲದ, ತಮ್ಮದೇ ದೇವರ ಹೆಸರಿನ ಈ ಪದ್ಧತಿಯನ್ನು ಅವರು ನಿಷೇಧಿಸಿದರೆಂದು ಹೇಳುತ್ತಾರೆ. ನಿಷೇಧದಿಂದ ಅದು ಪೂರ್ತಿ ನಿಲ್ಲಲಿಲ್ಲ. 1799ರಿಂದ 1823ರವರೆಗೆ ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ತಮ್ಮ ಪುಸ್ತಕದಲ್ಲಿ ಈ ಪದ್ಧತಿಯನ್ನು ಬರೆದಿದ್ದಾರೆ. ಎರಡೂವರೆ ಶತಮಾನದ ನಂತರವೂ ಅದು ಜೀವಂತವಾಗಿತ್ತು. ಹೊರಗಿನ ಶತ್ರುವಿಗಿಂತ ಒಳಗಿನ ರೂಢಿಯನ್ನು ಗೆಲ್ಲುವುದು ಎಷ್ಟು ಕಷ್ಟವೆಂದು ಇದರಿಂದ ತಿಳಿಯುತ್ತದೆ. ಹಾಗಿದ್ದರೂ ಮೊದಲು ಬೇಡ ಎಂದವರು ಮುಖ್ಯ. ಊರಿಗೆ ಹಿರಿಯನಾದವನು ಊರಿನ ತಪ್ಪಿಗೂ ಉತ್ತರ ಕೊಡಬೇಕು.

ಮನೆತನ ಮುಗಿಯಿತು, ಹೆಸರು ಹರಡಿತು

ಮುಂದಿನ ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ಬೆಂಗಳೂರನ್ನು ಹಿಡಿದನು. ಕೆಂಪೇಗೌಡರ ವಂಶದವರು ಮಾಗಡಿಗೆ ಸರಿದರು. 1678ರಲ್ಲಿ ಮಧುಗಿರಿಯ ಗೌಡರು ಮೈಸೂರಿನ ಚಿಕ್ಕದೇವರಾಜ ಒಡೆಯರ ಸೈನ್ಯಕ್ಕೆ ಸೋತರು. 1728ರಲ್ಲಿ ಮಾಗಡಿಯೂ ಮೈಸೂರಿನ ವಶವಾಯಿತು. ಅಲ್ಲಿಯ ಕೊನೆಯ ಕೆಂಪೇಗೌಡರು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡರು. ಪಾಳೆಯಪಟ್ಟುಗಳು ಒಂದೊಂದಾಗಿ ಹೋದವು.

ಹಳ್ಳಿಯ ಗೌಡಿಕೆ ಮಾತ್ರ ಉಳಿಯಿತು. ಮೈಸೂರು ಸರ್ಕಾರದಲ್ಲಿ ಗೌಡರು ಪಟೇಲರೆನಿಸಿಕೊಂಡರು. ಪಟೇಲ, ಶ್ಯಾನುಭೋಗ, ತಳವಾರ, ತೋಟಿ ಎಲ್ಲರದೂ ಅಪ್ಪನಿಂದ ಮಗನಿಗೆ ಬರುವ ಕೆಲಸ. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ಈ ವಂಶಪಾರಂಪರ್ಯದ ಹುದ್ದೆಗಳೆಲ್ಲ ಮುಗಿದವು. ಹುದ್ದೆ ಹೋದ ಮೇಲೂ ಹೆಸರು ಹೋಗಲಿಲ್ಲ. ಪಾಟೀಲ, ದೇಸಾಯಿ, ಕುಲಕರ್ಣಿ, ಶಾನಭಾಗ ಎಂಬ ಹೆಸರುಗಳದೂ ಇದೇ ಕಥೆ.

ಇದು ನಮ್ಮ ನಾಡಿಗೆ ಮಾತ್ರ ಸೇರಿದ ಮಾತಲ್ಲ. ಯೂರೋಪಿನಲ್ಲಿಯೂ ಕಸುಬು, ಊರು, ತಂದೆಯ ಹೆಸರುಗಳಿಂದಲೇ ಮನೆಹೆಸರುಗಳು ಹುಟ್ಟಿದವು. 1563ರಲ್ಲಿ, ಅಂದರೆ ಕೆಂಪೇಗೌಡರು ಬದುಕಿದ್ದಾಗಲೇ, ಟ್ರೆಂಟ್ ಮಹಾಸಭೆಯು ಪ್ರತಿ ಧರ್ಮಕೇಂದ್ರದಲ್ಲಿ ದಾಖಲೆ ಪುಸ್ತಕ ಇಡಬೇಕೆಂದು ವಿಧಿಸಿತು. ಪುಸ್ತಕದಲ್ಲಿ ಬರೆದ ಹೆಸರು ಸುಲಭವಾಗಿ ಬದಲಾಗದು, ಅದು ತಲೆಮಾರಿನಿಂದ ತಲೆಮಾರಿಗೆ ಗಟ್ಟಿಯಾಗುತ್ತದೆ. ಸಂತ ಪೌಲರ ಹಡಗು ಒಡೆದ ಮಾಲ್ಟಾ ದ್ವೀಪದಲ್ಲಿ ಇಂದಿಗೂ ಬೋರ್ಗ್, ಕಮಿಲ್ಲೆರಿ, ವೆಲ್ಲಾ, ಫರ‍್ರುಜಾ ಮುಂತಾದ ಕೆಲವೇ ಮನೆಹೆಸರುಗಳು ಬಹಳ ಜನರಿಗೆ ಹಂಚಿಹೋಗಿವೆ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ಆಮೇಲೆ ತನ್ನ ಹೆಸರು ಎಂಬುದು ರೂಢಿ. ಕೆಂಪೇಗೌಡ ಎಂಬುದು ಒಂದೇ ಹೆಸರು, ಅದರಲ್ಲಿ ಮನೆಹೆಸರೆಂದು ಬೇರೆ ತುಂಡಿಲ್ಲ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಮನೆಹೆಸರಿನ ಖಾನೆ ತುಂಬಬೇಕಾಗಿ ಬಂದಾಗ ಎಷ್ಟೋ ಜನ ಗೌಡ ಎಂಬುದನ್ನು ಬಿಡಿಸಿ ಬರೆದರು. ಹೀಗೆ ಅದು ಅಮೆರಿಕ, ಇಂಗ್ಲೆಂಡುಗಳಿಗೂ ಹೋಯಿತು.

ಇಂದು ಈ ಹೆಸರು ಎಲ್ಲೆಲ್ಲಿದೆ? ಮಂಡ್ಯ, ಹಾಸನ, ಮೈಸೂರು, ತುಮಕೂರು, ಬೆಂಗಳೂರು, ಕೋಲಾರದ ಸೀಮೆಗಳಲ್ಲಿ ಹೆಚ್ಚಾಗಿ ಒಕ್ಕಲಿಗರಲ್ಲಿದೆ. ಹಾಸನ ಜಿಲ್ಲೆಯ ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1996ರ ಜೂನ್‌ನಿಂದ 1997ರ ಏಪ್ರಿಲ್‌ವರೆಗೆ ದೇಶದ ಪ್ರಧಾನಿಯಾದಾಗ ಅದು ದಿಲ್ಲಿಯನ್ನೂ ಮುಟ್ಟಿತು. ಸುಳ್ಯ, ಪುತ್ತೂರು, ಕೊಡಗಿನ ಕಡೆ ಅರೆಭಾಷೆ ಗೌಡರಿದ್ದಾರೆ. 1837ರ ಅಮರಸುಳ್ಯದ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಎದ್ದ ಕೆದಂಬಾಡಿ ರಾಮಯ್ಯಗೌಡರು ಅವರಲ್ಲೊಬ್ಬರು. ಉತ್ತರ ಕನ್ನಡದಲ್ಲಿ ಹಾಲಕ್ಕಿ ಒಕ್ಕಲಿಗರಿದ್ದಾರೆ. ಉತ್ತರದ ಜಿಲ್ಲೆಗಳಲ್ಲಿ ಲಿಂಗಾಯತರ ನಡುವೆ ಗೌಡ, ಗೌಡರ ಎಂದು ಕಾಣುತ್ತದೆ. ಕುರುಬರಲ್ಲಿಯೂ ಕುಲದ ಹಿರಿಯನಿಗೆ ಗೌಡ ಎನ್ನುವುದುಂಟು. ತಮಿಳುನಾಡಿನ ಕೊಂಗು ಸೀಮೆಯ ಗೌಂಡರ್ ಎಂಬುದೂ ಇದೇ ಗಾವುಂಡನ ಬಳಗವೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಆದರೆ ಒಂದೇ ಸದ್ದು ಕೇಳಿಸಿದ ಕೂಡಲೇ ಬೇರೂ ಒಂದೇ ಎನ್ನಬಾರದು. ಗೌಡ ಸಾರಸ್ವತರ ಹೆಸರಿನಲ್ಲಿರುವುದು ಬಂಗಾಳದ ಕಡೆಯ ಗೌಡದೇಶ. ತೆಲಂಗಾಣದಲ್ಲಿ ತಾಳೆಮರದ ಹೆಂಡ ಇಳಿಸುವ ಕಸುಬಿನವರು ಗೌಡ್ ಎನಿಸಿಕೊಳ್ಳುತ್ತಾರೆ, ಅವರ ಚರಿತ್ರೆ ಬೇರೆ. ಗೋವಾದಲ್ಲಿ ಗಾವಡಾ ಎಂಬ ಮೂಲನಿವಾಸಿಗಳಿದ್ದಾರೆ. ಅವರಲ್ಲಿ ಹಿಂದೂಗಳೂ ಇದ್ದಾರೆ, ನಮ್ಮ ಕಥೋಲಿಕರೂ ಇದ್ದಾರೆ.

ಹೆಸರಿಗೆ ತಕ್ಕ ಬಾಳು

ಇಷ್ಟೆಲ್ಲ ಹೇಳಿದ್ದು ಏಕೆಂದರೆ, ಈಗ ಹೊಸ ಪರಿಚಯದವರು ಪೂರ್ತಿ ಹೆಸರು ಕೇಳುವುದು ಹೆಚ್ಚಾಗಿ ಜಾತಿ ತಿಳಿಯಲಿಕ್ಕೆ. ಬಾಡಿಗೆ ಮನೆ ಕೊಡುವಾಗ ಕೇಳುತ್ತಾರೆ, ಮದುವೆಯ ಮಾತಿನಲ್ಲಿ ಕೇಳುತ್ತಾರೆ, ಚುನಾವಣೆ ಬಂದರಂತೂ ಹೆಸರಿನ ಕೊನೆಯ ಎರಡಕ್ಷರಕ್ಕೇ ಓಟು. ಇಡೀ ಊರಿನ ಪರವಾಗಿ ನಿಲ್ಲುವವನಿಗೆ ಇಟ್ಟ ಹೆಸರು ಊರನ್ನು ಪಾಲು ಮಾಡುವ ಗುರುತಾಗಿಹೋಗಿದೆ. ಈ ರೋಗ ಒಂದೇ ಜಾತಿಗೆ ಸೇರಿದ್ದಲ್ಲ. ಕ್ರೈಸ್ತರಾದ ನಾವೂ ಮನೆಹೆಸರು ಕೇಳಿ ಪಂಗಡ ಅಳೆಯುವುದನ್ನು ಬಿಟ್ಟಿಲ್ಲ.

ಕೆಂಪೇಗೌಡರಿಗೆ ಇಂದು ಗೌರವಕ್ಕೆ ಕೊರತೆಯಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಅವರ ಹೆಸರಿಟ್ಟರು. 2022ರ ನವೆಂಬರ್ 11ರಂದು ಅಲ್ಲಿ ಅವರ 108 ಅಡಿ ಎತ್ತರದ ಪ್ರತಿಮೆ ಅನಾವರಣವಾಯಿತು. ಅದೇ ಕಾಲದಲ್ಲಿ ಈ ಹೆಸರನ್ನು ಹೊತ್ತ ಇಬ್ಬರು ಬಡ ಹೆಂಗಸರನ್ನೂ ದೇಶ ಗುರುತಿಸಿತು. ಇಬ್ಬರೂ ಅಂಕೋಲೆಯ ಕಡೆಯ ಹಾಲಕ್ಕಿಯವರು. ಜಾನಪದ ಹಾಡುಗಳನ್ನು ಉಳಿಸಿ, ಸಾರಾಯಿಯ ವಿರುದ್ಧ ಹೋರಾಡಿದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ಅವರು ತೀರಿಕೊಂಡರು. ಅಕ್ಷರ ಕಲಿಯದೆ ಸಾವಿರಾರು ಗಿಡ ಬೆಳೆಸಿದ ತುಳಸಿ ಗೌಡರಿಗೆ 2020ರ ಸಾಲಿನ ಪದ್ಮಶ್ರೀ ಬಂತು. ಅದನ್ನು ಪಡೆಯಲು 2021ರಲ್ಲಿ ಅವರು ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದುಹೋದದ್ದನ್ನು ನೀವು ಚಿತ್ರದಲ್ಲಿ ನೋಡಿರಬಹುದು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಇವರಿಗೆ ಕೋಟೆಯಿರಲಿಲ್ಲ, ಸೀಮೆಯಿರಲಿಲ್ಲ. ಊರಿನ ಒಳಿತನ್ನು ತಮ್ಮ ಮೇಲೆ ಹಾಕಿಕೊಂಡಿದ್ದರು. ಹಳೆಯ ಗಾವುಂಡನ ಕೆಲಸವೂ ಅದೇ ತಾನೆ?

ಆದ್ದರಿಂದ, ಪ್ರಿಯ ಓದುಗರೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮನೆಯ ಹೆಸರಿನ ಕಥೆಯನ್ನು ಮಕ್ಕಳಿಗೆ ಹೇಳಿ. ಅದು ಗೌಡ ಆಗಿರಲಿ, ಬೇರೆ ಯಾವುದೇ ಆಗಿರಲಿ, ಯಾವ ಕೆಲಸದಿಂದ ಬಂತು, ಯಾವ ಊರಿನಿಂದ ಬಂತು ಎಂದು ಅಜ್ಜ ಅಜ್ಜಿಯರನ್ನು ಕೇಳಿ ತಿಳಿಸಿ. ಅದನ್ನು ಉಳಿಸಿಕೊಟ್ಟ ಹೆಂಗಸರ ಹೆಸರುಗಳನ್ನೂ ಮರೆಯದೆ ಹೇಳಿ. ನಮ್ಮ ಹೆಸರನ್ನು ಹಿರಿಯರು ಗಳಿಸಿಕೊಟ್ಟರು. ಅದಕ್ಕೆ ತಕ್ಕಂತೆ ಬಾಳುವುದು ನಮ್ಮ ಪಾಲಿಗೆ ಉಳಿದಿದೆ.